ಬಿಸಿಲು, ಹೊಗೆ ಮತ್ತು ನಮ್ಮ ಹೃದ್ರೋಗಿಗಳು

ಹೃದಯಾಘಾತದಿಂದ ಯಾರಾದರೂ ಮೃತಪಟ್ಟರೆ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಸಕ್ಕರೆ ಕಾಯಿಲೆಯಿತ್ತೇ? ರಕ್ತದೊತ್ತಡವಿತ್ತೇ? ಬೀಡಿ-ಸಿಗರೇಟಿನ ಚಟವಿತ್ತೇ? ಮಾತ್ರೆಗಳನ್ನು ಸರಿಯಾಗಿ ಸೇವಿಸುತ್ತಿದ್ದರೇ? ಉತ್ತರ ಏನೇ ಬರಲಿ, ಕೊನೆಗೆ ಎಲ್ಲವೂ ಅಲ್ಲಾಹನ ವಿಧಿ ಎಂಬ ನಿಟ್ಟುಸಿರಿನೊಂದಿಗೆ ಮಾತು ಮುಗಿಯುತ್ತದೆ. ವಿಧಿಯ ಕುರಿತು ನಮ್ಮ ತಕರಾರಿಲ್ಲ. ಆದರೆ ಆ ವಾರ ಬಿಸಿಲು ಎಷ್ಟಿತ್ತು, ಮೃತರು ಮಲಗುತ್ತಿದ್ದ ಕೋಣೆಯ ಛಾವಣಿ ಎಂಥದ್ದು, ಆ ಓಣಿಗೆ ನಲ್ಲಿ ನೀರು ಬಂದು ಎಷ್ಟು ದಿನಗಳಾಗಿದ್ದವು, ಅಡುಗೆಮನೆಯ ಹೊಗೆ ಎತ್ತ ಹೋಗುತ್ತಿತ್ತು ಎಂದು ಯಾರೂ ವಿಚಾರಿಸುವುದಿಲ್ಲವಲ್ಲ, ಅದು ನಮ್ಮ ತಕರಾರು. ಹೃದ್ರೋಗವನ್ನು ನಾವು ರೋಗಿಯ ಎದೆಯೊಳಗಿನ ಸಮಾಚಾರವೆಂದು ಮಾತ್ರ ಭಾವಿಸಿದ್ದೇವೆ. ಅವನ ಸುತ್ತಲಿನ ಗಾಳಿ, ನೀರು, ಬಿಸಿಲುಗಳಿಗೂ ಅದಕ್ಕೂ ಇರುವ ನಂಟು ನಮ್ಮ ಗಮನಕ್ಕೆ ಬಂದೇ ಇಲ್ಲ.

2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ನಲ್ವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿದ್ದು ಓದುಗರಿಗೆ ನೆನಪಿರಬಹುದು. ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಕೋವಿಡ್ ಲಸಿಕೆಯೇ ಕಾರಣವೆಂಬ ವಾದ ಹುಟ್ಟಿಕೊಂಡು ಅದು ರಾಜಕೀಯ ಜಗಳವಾಗಿಯೂ ಮಾರ್ಪಟ್ಟಿತು. ಸರಕಾರ ನೇಮಿಸಿದ ತಜ್ಞರ ಸಮಿತಿಯು ಸಾವುಗಳಲ್ಲಿ ಹಠಾತ್ ಏರಿಕೆಯೇನೂ ಕಂಡುಬಂದಿಲ್ಲವೆಂದು ವರದಿ ನೀಡಿತು. ಅಲ್ಲಿಗೆ ಮಾಧ್ಯಮಗಳ ಉತ್ಸಾಹವೂ ತಣ್ಣಗಾಯಿತು. ಆದರೆ ಮೃತರಲ್ಲಿ ಆಟೋ ಮತ್ತು ಕಾರು ಚಾಲಕರ ಪ್ರಮಾಣ ಗಣನೀಯವಾಗಿತ್ತು ಎಂಬ ಅಂಶ ಮಾತ್ರ ಯಾರ ಚರ್ಚೆಗೂ ವಸ್ತುವಾಗಲಿಲ್ಲ. ದಿನವಿಡೀ ರಸ್ತೆಯ ಹೊಗೆ ಕುಡಿಯುತ್ತಾ, ಕಾದ ತಗಡಿನ ಕೆಳಗೆ ಅಲುಗಾಡದೆ ಕುಳಿತು ದುಡಿಯುವ ಈ ವರ್ಗದಲ್ಲಿ ನಮ್ಮ ಸಮುದಾಯದ ಯುವಕರೆಷ್ಟಿದ್ದಾರೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಬಿಸಿಲು ಹೃದಯವನ್ನು ಹೇಗೆ ಕಾಡುತ್ತದೆ? ಹೊರಗಿನ ತಾಪ ಏರಿದಾಗ ದೇಹವು ತನ್ನನ್ನು ತಣಿಸಿಕೊಳ್ಳಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಚರ್ಮದತ್ತ ಹರಿಯುವ ರಕ್ತ ಹಲವು ಪಟ್ಟು ಹೆಚ್ಚುತ್ತದೆ. ಆ ಹೆಚ್ಚುವರಿ ರಕ್ತವನ್ನು ತಳ್ಳಬೇಕಾದದ್ದು ಹೃದಯವೇ. ಆರೋಗ್ಯವಂತನ ಹೃದಯ ಬಡಿತವನ್ನು ಹೆಚ್ಚಿಸಿಕೊಂಡು ಇದನ್ನು ನಿಭಾಯಿಸುತ್ತದೆ. ಒಮ್ಮೆ ಆಘಾತಕ್ಕೊಳಗಾದ, ಸ್ನಾಯು ದುರ್ಬಲಗೊಂಡ, ನಾಳಗಳು ಕಿರಿದಾದ ಹೃದಯಕ್ಕೆ ಇದು ಮನೆಯಲ್ಲಿ ಸುಮ್ಮನೆ ಕುಳಿತಿದ್ದರೂ ಏರು ಹತ್ತಿದಷ್ಟು ದಣಿವು. ಜೊತೆಗೆ ಬೆವರಿನಲ್ಲಿ ನೀರೂ ಲವಣವೂ ಹೋಗಿ ರಕ್ತ ಗಟ್ಟಿಯಾಗುತ್ತದೆ. ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ, ಪೊಟ್ಯಾಶಿಯಂ ಏರುಪೇರಾಗಿ ಬಡಿತದ ಲಯವೇ ತಪ್ಪಬಹುದು. ಇಂತಹ ರೋಗಿ ಬಿಸಿಲಿನಲ್ಲಿ ಬಿದ್ದು ಸಾಯುವುದು ವಿರಳ. ರಾತ್ರಿ ಸೆಖೆಯಲ್ಲಿ ನಿದ್ರೆಯಿಲ್ಲದೆ ಹೊರಳಾಡಿ ಬೆಳಗಿನ ಜಾವಕ್ಕೆ ಕೊನೆಯುಸಿರೆಳೆಯುತ್ತಾನೆ. ಮರಣ ಪತ್ರದಲ್ಲಿ ಹೃದಯಾಘಾತವೆಂದು ದಾಖಲಾಗುತ್ತದೆ. ಬಿಸಿಲಿನ ಹೆಸರು ಎಲ್ಲಿಯೂ ಇರುವುದಿಲ್ಲ.

ಈ ಲೆಕ್ಕಕ್ಕೆ ಸಿಗದ ಸಾವುಗಳನ್ನು ಲೆಕ್ಕ ಹಾಕಿ ತೋರಿಸಿದ ನಗರ ಅಹ್ಮದಾಬಾದ್. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಆ ನಗರದಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚು ಸಂಭವಿಸಿದ್ದವೆಂದು ಸಂಶೋಧಕರು ಆನಂತರ ಕಂಡುಕೊಂಡರು. ಅದರ ಫಲವಾಗಿ 2013ರಲ್ಲಿ ಅಲ್ಲಿ ಬಿಸಿಲು ಎದುರಿಸುವ ಕ್ರಿಯಾಯೋಜನೆ ಜಾರಿಗೆ ಬಂತು. ಮುನ್ನೆಚ್ಚರಿಕೆ ಸಂದೇಶ, ಆಸ್ಪತ್ರೆಗಳ ಸಿದ್ಧತೆ, ಕೊಳೆಗೇರಿಗಳ ಛಾವಣಿಗೆ ಬಿಳಿ ಬಣ್ಣ, ಇಷ್ಟೇ ಅದರ ಸಾರ. ದೊಡ್ಡ ವಿಜ್ಞಾನವೇನೂ ಇದರಲ್ಲಿಲ್ಲ. ಸತ್ತವರನ್ನು ಎಣಿಸುವ ಪ್ರಾಮಾಣಿಕತೆಯಿತ್ತು, ಅಷ್ಟೇ.

ಈಗ ನಮ್ಮ ನಾಡಿಗೆ ಬರೋಣ. ಗದಗ ಜಿಲ್ಲೆಯನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಸುಮಾರು 600 ಮಿಲಿ ಮೀಟರ್ ಮಳೆ ಕಾಣುವ, ಎರೆಭೂಮಿಯೂ ಮಸಾರಿ ನೆಲವೂ ಕೂಡಿರುವ ಬಯಲು ಸೀಮೆಯಿದು. ಗದಗದಿಂದ ಕೆಲವೇ ಮೈಲಿ ದೂರದ, ಬಸವಣ್ಣನ ಗುಡಿಗೆ ಹೆಸರಾದ ಹರ್ತಿಯಂಥ ಊರುಗಳಲ್ಲಿ ಹಿಂದಿನವರು ಕಟ್ಟಿಕೊಂಡದ್ದು ಮಣ್ಣಿನ ಮಾಳಿಗೆ ಮನೆಗಳನ್ನು. ದಪ್ಪ ಗೋಡೆ, ಮೇಲೆ ತೊಲೆ-ಜಂತಿ, ಅದರ ಮೇಲೆ ಸವುಳು ಮಣ್ಣಿನ ಹೊದಿಕೆ, ಗಾಳಿ-ಬೆಳಕಿಗೆ ಬೆಳಕಿಂಡಿ. ವೈಶಾಖದ ಮಧ್ಯಾಹ್ನದಲ್ಲೂ ಒಳಗೆ ಕಾಲಿಟ್ಟರೆ ತಂಪು. ಹಿಂದೂವಿನ ಮನೆಯೂ ಮುಸ್ಲಿಮನ ಮನೆಯೂ ಹೀಗೆಯೇ ಇತ್ತು. ಇಂದು ಮಾಳಿಗೆಗಳು ಉರುಳಿ ಸಿಮೆಂಟಿನ ಸ್ಲ್ಯಾಬುಗಳು ಎದ್ದಿವೆ. ಸ್ಲ್ಯಾಬ್ ಹಾಕಿಸುವ ಶಕ್ತಿಯಿಲ್ಲದವರ ತಲೆಯ ಮೇಲೆ ತಗಡು, ಅಂದರೆ ನಮ್ಮವರ ಮಾತಿನಲ್ಲಿ ಪತ್ರಾಸು. ಹಳ್ಳಿ ಬಿಟ್ಟು ಗದಗ-ಬೆಟಗೇರಿಯ ಓಣಿಗಳಲ್ಲಿ ಬಾಡಿಗೆಗೆ ನಿಂತ ಹಮಾಲರು, ಸೆಂಟ್ರಿಂಗ್ ಕೆಲಸಗಾರರು, ಹಣ್ಣಿನ ಗಾಡಿಯವರು, ಗ್ಯಾರೇಜಿನ ಮೆಕ್ಯಾನಿಕ್‌ಗಳಲ್ಲಿ ಬಹುಮಂದಿ ಇರುವುದು ಈ ಪತ್ರಾಸಿನಡಿಯಲ್ಲೇ. ಹೊರಗೆ 40 ಡಿಗ್ರಿ ದಾಟಿದ ದಿನ ಆ ಕೋಣೆಯೊಳಗೆ ಎಷ್ಟಿರುತ್ತದೆಂದು ಅಲ್ಲಿ ಹಗಲೆಲ್ಲ ಮಲಗಿರುವ ಮುದುಕಿಯನ್ನು ಕೇಳಿ ನೋಡಬೇಕು. ಗಂಟೆಗಟ್ಟಲೆ ಫ್ಯಾನ್ ತಿರುಗಿದರೂ ಅದು ತಿರುಗಿಸುವುದು ಒಲೆಯ ಗಾಳಿಯನ್ನೇ. ವಯಸ್ಸಾದವರಿಗೆ ಅಷ್ಟು ಒಣ ಸೆಖೆಯಲ್ಲಿ ಬರಿಯ ಫ್ಯಾನು ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು. ಒದ್ದೆ ಬಟ್ಟೆ ಹೊದೆಸಿ ಫ್ಯಾನ್ ಹಾಕಿದರೆ ಮಾತ್ರ ಅದು ದೇಹವನ್ನು ತಣಿಸುತ್ತದೆ. ನಮ್ಮ ಒಣ ಹವೆಗೆ ಇದಕ್ಕಿಂತ ಅಗ್ಗದ ಉಪಾಯ ಬೇರಿಲ್ಲ.

ಛಾವಣಿಗೆ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಬಳಿದರೆ ಒಳಗಿನ ತಾಪ 2ರಿಂದ 5 ಡಿಗ್ರಿಯವರೆಗೂ ತಗ್ಗಬಲ್ಲದು. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕಾಗಿ ತಂಪು ಛಾವಣಿ ನೀತಿಯನ್ನೇ ತಂದಿತು. ನಮ್ಮಲ್ಲಿ ಪ್ರತಿ ಬೇಸಿಗೆಯಲ್ಲೂ ಮಸೀದಿಗಳಿಗೆ ಏರ್ ಕಂಡೀಶನರ್ ಅಳವಡಿಸಲು ಚಂದಾ ಎತ್ತುವ ಕಾರ್ಯ ಭರದಿಂದ ಸಾಗುತ್ತದೆ. ದಿನಕ್ಕೆ ಐದು ಬಾರಿ ಕೆಲವೇ ನಿಮಿಷ ಬಂದು ಹೋಗುವವರಿಗೆ ತಂಪು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಮಸೀದಿಯ ಹಿಂದಿನ ಗಲ್ಲಿಯ ಇಪ್ಪತ್ತು ಪತ್ರಾಸುಗಳಿಗೆ ಸುಣ್ಣ ಬಳಿಸಲು ಆ ಮೊತ್ತದ ಒಂದು ಸಣ್ಣ ಪಾಲು ಸಾಕು. ಜಮಾಅತ್ ಕಮಿಟಿಗಳ ಮಹಾಸಭೆಯಲ್ಲಿ ಈ ವಿಷಯ ಎಂದಾದರೂ ಪ್ರಸ್ತಾಪಕ್ಕೆ ಬಂದಿದೆಯೇ?

ನೀರಿನ ವಿಷಯ ಇನ್ನೂ ಕಠಿಣ. ತುಂಗಭದ್ರೆಯಿಂದ ನೀರು ತರುವ ಗದಗ-ಬೆಟಗೇರಿಯಲ್ಲಿ ವಾರ, ಹತ್ತು ದಿನ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ದಿನ ನಲ್ಲಿಗಾಗಿ ಕಾದ ಬೇಸಿಗೆಗಳನ್ನು ಊರವರು ಮರೆತಿಲ್ಲ. ನೀರು ಅಳೆದು ಬಳಸುವ ಮನೆಯಲ್ಲಿ ಮೊದಲು ಕಡಿಮೆ ಕುಡಿಯುವವರು ಹೆಂಗಸರು ಮತ್ತು ಮುದುಕರು. ಹೃದಯ ದುರ್ಬಲವಾಗಿ ಕಾಲಲ್ಲಿ ನೀರು ತುಂಬುವ ರೋಗಿಗೆ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿರುತ್ತಾರೆ, ನೀರನ್ನೂ ಮಿತಿಯಲ್ಲಿ ಕುಡಿಯಲು ಹೇಳಿರುತ್ತಾರೆ. ಜನವರಿಯಲ್ಲಿ ಬರೆದುಕೊಟ್ಟ ಆ ಚೀಟಿಯನ್ನೇ ಏಪ್ರಿಲ್‌ನಲ್ಲೂ ಅಂಗಡಿಗೆ ಹಿಡಿದು ಹೋಗುತ್ತೇವೆ. ಬೆವರಿನಲ್ಲಿ ಒಂದು ಕಡೆ, ಮಾತ್ರೆಯಿಂದ ಇನ್ನೊಂದು ಕಡೆ ನೀರು ಹೋಗುತ್ತಿದ್ದರೆ ರಕ್ತದೊತ್ತಡ ಕುಸಿದು, ಮೂತ್ರಪಿಂಡಗಳು ಬಳಲಿ, ರೋಗಿ ನಮಾಝಿನಲ್ಲಿ ಸಜ್ದಾದಿಂದೇಳುವಾಗಲೇ ತಲೆ ತಿರುಗಿ ಬೀಳಬಹುದು. ಹಾಗೆಂದು ಯಾರೋ ಹೇಳಿದರೆಂದು ಮಾತ್ರೆ ನಿಲ್ಲಿಸಿ, ಚೊಂಬುಗಟ್ಟಲೆ ನೀರನ್ನೂ ಉಪ್ಪು ಬೆರೆಸಿದ ಪಾನಕವನ್ನೂ ಕುಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಸಾಮಾನ್ಯರಿಗೆ ಹೇಳುವ ಬೇಸಿಗೆಯ ಸಲಹೆ ಈ ರೋಗಿಗಳಿಗೆ ಸಲ್ಲದು. ಇವರಿಗೆ ದಾರಿ ಒಂದೇ: ಬಿಸಿಲೇರುವ ಮುನ್ನ, ಮಾರ್ಚ್ ತಿಂಗಳಲ್ಲೇ, ವೈದ್ಯರ ಬಳಿ ಹೋಗಿ, ಈ ಬೇಸಿಗೆಗೆ ನನ್ನ ಮಾತ್ರೆಯ ಪ್ರಮಾಣವೆಷ್ಟು, ನೀರು ಎಷ್ಟು ಎಂದು ಕೇಳಿ ಬರೆಸಿಕೊಳ್ಳುವುದು. ಮನೆಯಲ್ಲೊಂದು ತೂಕದ ಯಂತ್ರವಿದ್ದು ಪ್ರತಿದಿನ ಬೆಳಿಗ್ಗೆ ತೂಕ ನೋಡಿಕೊಂಡರೆ, ಒಂದೆರಡು ದಿನಗಳಲ್ಲೇ ಎರಡು ಕಿಲೋದಷ್ಟು ಏರಿದರೂ ಇಳಿದರೂ ಅದೇ ಎಚ್ಚರಿಕೆಯ ಗಂಟೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಬಡಿತವನ್ನು ತಗ್ಗಿಸಿ, ಸೆಖೆಗೆ ಹೊಂದಿಕೊಳ್ಳುವ ದೇಹದ ಶಕ್ತಿಯನ್ನೇ ಕುಗ್ಗಿಸುತ್ತವೆ. ನಾಲಗೆಯಡಿ ಇಡುವ ನೈಟ್ರೋಗ್ಲಿಸರಿನ್ ಗುಳಿಗೆ ಕಾದ ತಗಡಿನ ಕೆಳಗಿನ ಗೂಡಿನಲ್ಲಿದ್ದರೆ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಇವೆಲ್ಲವನ್ನೂ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರು ತಾವಾಗಿ ಹೇಳಿಯಾರೆಂದು ಕಾಯುವುದು ವ್ಯರ್ಥ. ನಾವೇ ಕೇಳಬೇಕು.

ಹೊಗೆಯ ವಿಷಯಕ್ಕೆ ಬಂದರೆ ಸಮುದಾಯವು ತನ್ನನ್ನೇ ಪ್ರಶ್ನಿಸಿಕೊಳ್ಳಬೇಕಾದ ಸಂಗತಿಗಳಿವೆ. ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಮೂಲಕ ರಕ್ತಕ್ಕಿಳಿದು ನಾಳಗಳ ಒಳಗೋಡೆಯನ್ನು ಉರಿಯುವಂತೆ ಮಾಡುತ್ತವೆ. ಕೆಮ್ಮು-ದಮ್ಮು ಮಾತ್ರವಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುವೂ ಹೊಗೆಯ ಕೊಡುಗೆಗಳು. ಈ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿತು. ನಮ್ಮ ದೇಶದ ಮಾನದಂಡ ಅದರ ಎಂಟು ಪಟ್ಟು, ಅಂದರೆ 40. ಮನೆಯೊಳಗಿನ ಒಲೆಯ ಹೊಗೆಯೊಂದೇ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತೆಂದೂ ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಹೃದ್ರೋಗದಿಂದ ಸತ್ತವರೆಂದೂ ಅದೇ ಸಂಸ್ಥೆಯ ಅಂದಾಜು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಸಿಲಿಂಡರು ಮನೆಗೆ ಬಂದಿದೆ ನಿಜ. ಆದರೆ ಅದು ಖಾಲಿಯಾದರೆ ಮತ್ತೆ ತುಂಬಿಸಲು ಹಣವಿಲ್ಲದೆ ಹತ್ತಿಕಟ್ಟಿಗೆ, ಕುಳ್ಳುಗಳಿಗೆ ಮರಳಿದ ಒಲೆಗಳು ಕಡಿಮೆಯೇನಲ್ಲ. ಬಡತನ ತಂದ ಹೊಗೆ ಇದು. ಇನ್ನೊಂದು ಹೊಗೆ ನಾವೇ ಕಟ್ಟಿಕೊಂಡದ್ದು. ಓಣಿಯ ಕಡೆಗೆ ಕಿಟಕಿಯಿಟ್ಟರೆ ಪರ್ದಾ ಕೆಡುತ್ತದೆಂದು ಅಡುಗೆಮನೆಯನ್ನು ನಾಲ್ಕು ಗೋಡೆಗಳ ಪೆಟ್ಟಿಗೆಯಾಗಿಸುವ ರೂಢಿ ನಮ್ಮಲ್ಲಿದೆ. ಸ್ತ್ರೀಯ ಮಾನವನ್ನು ಕಾಪಾಡಲು ಹೊರಟವರು ಅವಳ ಉಸಿರಾಟದ ಹಕ್ಕನ್ನು ಮರೆತರೆ ಅದು ಯಾವ ಧರ್ಮ? ಎತ್ತರದಲ್ಲೊಂದು ಜಾಲಂಧ್ರವೂ ಎದುರುಗೋಡೆಯಲ್ಲೊಂದು ಗವಾಕ್ಷಿಯೂ ಇದ್ದರೆ ಮರ್ಯಾದೆಗೆ ಯಾವ ಕುಂದೂ ಬಾರದು. ಹಿಂದಿನ ಮಾಳಿಗೆ ಮನೆಯ ಬೆಳಕಿಂಡಿ ಮಾಡುತ್ತಿದ್ದುದು ಅದೇ ಕೆಲಸವನ್ನಲ್ಲವೇ? ಇಂತಹ ಅಡುಗೆಮನೆಯಲ್ಲಿ ನಲ್ವತ್ತು ವರ್ಷ ರೊಟ್ಟಿ ಬಡಿದ ಹೆಂಗಸು ದವಡೆ ನೋವು, ಬೆನ್ನು ನೋವು, ವಿಪರೀತ ಸುಸ್ತು ಎಂದರೆ ಗ್ಯಾಸ್ ಎಂದು ಹೇಳಿ ಸೋಡಾ ಕುಡಿಸಿ ಮಲಗಿಸುತ್ತೇವೆ. ಹೆಂಗಸರಲ್ಲಿ ಹೃದಯಾಘಾತವು ಎಷ್ಟೋ ಬಾರಿ ಎದೆನೋವಿಲ್ಲದೆ ಇದೇ ಲಕ್ಷಣಗಳೊಂದಿಗೆ ಬರುತ್ತದೆ. 2023ರಲ್ಲಿ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಡಿ ಆಯ್ದ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಗಿದೆ. ಹಳ್ಳಿಯಿಂದ ಗದಗಕ್ಕೆ, ಅಲ್ಲಿಂದ ಸುಮಾರು 60 ಕಿಲೋ ಮೀಟರ್ ದೂರದ ಹುಬ್ಬಳ್ಳಿಗೆ ಓಡುವುದರೊಳಗೆ ಕೈಮೀರುತ್ತಿದ್ದ ಜೀವಗಳಿಗೆ ಇದು ಆಸರೆ. ಸೋಡಾ ಕುಡಿಸಿ ಮಲಗಿಸಿದರೆ ಆ ಆಸರೆಯೂ ಸಿಗದು.

ಚಳಿಗಾಲವೂ ಹೃದ್ರೋಗಿಗೆ ಮಿತ್ರನಲ್ಲ. ಚಳಿಗೆ ನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ಡಿಸೆಂಬರಿನ ಫಜ್ರ್ ವೇಳೆಗೆ ತಣ್ಣೀರಿನಲ್ಲಿ ವುಝೂ ಮಾಡಿ ಬರಿಗಾಲಲ್ಲಿ ನಡೆದು ಬರುವ ಹಿರಿಯರಿಗೆ ಮಸೀದಿಯಲ್ಲಿ ಬಿಸಿನೀರಿನ ಏರ್ಪಾಡು ಮಾಡುವುದು ಅಂತಹ ದೊಡ್ಡ ಖರ್ಚಿನ ಬಾಬತ್ತಲ್ಲ.

ಇಬಾದತ್‌ನ ಮಾತು ಬಂದದ್ದರಿಂದ ಇನ್ನೆರಡು ಸಂಗತಿಗಳನ್ನು ಹೇಳಬೇಕು. 2018ರಿಂದ 2022ರವರೆಗಿನ ರಮಝಾನ್‌ಗಳು ಬಹುಮಟ್ಟಿಗೆ ನಮ್ಮ ಕಡು ಬೇಸಿಗೆಯಲ್ಲೇ ಬಂದವು. ರೋಗಿಗಳಿಗೂ ಪ್ರಯಾಣಿಕರಿಗೂ ಉಪವಾಸದ ವಿಷಯದಲ್ಲಿ ಪವಿತ್ರ ಕುರ್‌ಆನ್ ಸ್ಪಷ್ಟ ವಿನಾಯಿತಿ ನೀಡಿರುವಾಗ, ಹೃದಯ ಸೋತವರನ್ನು ಮನೆಯವರು, ನೆರೆಯವರು ಏನೆಂದಾರೋ ಎಂಬ ಅಂಜಿಕೆಯಲ್ಲಿ ಉಪವಾಸಕ್ಕೆ ಕೂರಿಸುವುದು ಧರ್ಮನಿಷ್ಠೆಯಲ್ಲ. ರಮಝಾನ್ ಈಗ ಚಳಿಗಾಲದತ್ತ ಸರಿಯುತ್ತಿದೆ, ಹಗಲು ಕಿರಿದಾಗುತ್ತಿದೆ. ಆದರೂ ಮೂರು ಹೊತ್ತಿನ ಮಾತ್ರೆಯನ್ನು ಎರಡು ಹೊತ್ತಿಗೆ ಹೊಂದಿಸುವುದು ರೋಗಿಯ ಸ್ವಂತ ನಿರ್ಧಾರವಾಗಬಾರದು. ಎರಡನೆಯದು ಹಜ್ಜ್. 2024ರ ಜೂನ್ 17ರಂದು ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ತಾಪ ದಾಖಲಾಯಿತು. ಆ ಹಜ್ಜ್‌ನಲ್ಲಿ 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ ಶೇಕಡಾ 83ರಷ್ಟು ಮಂದಿ ಅಧಿಕೃತ ಪರವಾನಗಿಯಿಲ್ಲದೆ, ನೆರಳೂ ವಸತಿಯೂ ಇಲ್ಲದೆ ಬಿಸಿಲಲ್ಲಿ ದೂರ ನಡೆದವರು. ಮೃತರಲ್ಲಿ ವೃದ್ಧರೂ ದೀರ್ಘಕಾಲದ ರೋಗಿಗಳೂ ಇದ್ದರೆಂದು ಅಲ್ಲಿಯ ಆರೋಗ್ಯ ಸಚಿವರು ತಿಳಿಸಿದ್ದರು. ಒಂದೇ ಬಿಸಿಲು, ಒಂದೇ ಮೈದಾನ. ನೆರಳು ಮತ್ತು ನೀರು ಯಾರಿಗೆ ದಕ್ಕಿತೆಂಬುದೇ ಅಲ್ಲಿ ಬದುಕು-ಸಾವನ್ನು ಬಹುಮಟ್ಟಿಗೆ ಬೇರ್ಪಡಿಸಿತು. ಇಷ್ಟಾದರೂ ನಮ್ಮೂರುಗಳಲ್ಲಿ ಹಜ್ಜ್‌ಗೆ ಹೊರಡುವವರ ಆರೋಗ್ಯ ಪ್ರಮಾಣ ಪತ್ರವನ್ನು ಪರೀಕ್ಷೆಯಿಲ್ಲದೆಯೇ ಸಹಿ ಹಾಕಿಸಿಕೊಂಡು ಬರುವ ಕಾಗದವೆಂದು ತಿಳಿದವರಿದ್ದಾರೆ. ತಂದೆಗೆ ಬೈಪಾಸ್ ಆಗಿದ್ದನ್ನು ಮುಚ್ಚಿಟ್ಟು ಕಳುಹಿಸುವ ಮಕ್ಕಳ ಪ್ರೀತಿ ಎಂಥದ್ದೋ ತಿಳಿಯದು. (ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಶಾಮಿಯಾನದಡಿ ಮದುವೆಯೂಟ ಇಟ್ಟು ಹಿರಿಯರನ್ನು ನಾಲ್ಕರವರೆಗೂ ಕಾಯಿಸುವವರ ಪ್ರೀತಿಯೂ ಇದೇ ಜಾತಿಯದು.)

ಇನ್ನು ನಮ್ಮ ಕೈಯಳತೆಗೆ ಮೀರಿದ ಸಂಗತಿಗಳು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಈ ಬಯಲು ಸೀಮೆಗೆ ಉಳಿದಿರುವ ಹಸಿರಿನ ಆಸರೆ. 2015ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರಕಾರ 2016ರಲ್ಲಿ ಆದೇಶವನ್ನು ಹಿಂತೆಗೆದುಕೊಂಡಿತು. ಗಣಿಯ ಕಣ್ಣು ಅದರ ಮೇಲಿತ್ತೆಂಬುದು ಗುಟ್ಟೇನಲ್ಲ. ಕೋಮು ಸೌಹಾರ್ದಕ್ಕೆ ಹೆಸರಾಗಿದ್ದ, 2018ರಲ್ಲಿ ಅಗಲಿದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಸರಕಾರ ಮಣಿಯಿತು. 2019ರಲ್ಲಿ ಅದು 244 ಚದರ ಕಿಲೋ ಮೀಟರ್‌ಗಳ ವನ್ಯಜೀವಿ ಧಾಮವಾಯಿತು. ಗುಡ್ಡದ ಹಸಿರು ಹೋದರೆ ಬಿಸಿಗಾಳಿಯೂ ಗಣಿಯ ಧೂಳೂ ಬಂದು ಸೇರುವುದು ಮಠಕ್ಕೆ ಮಾತ್ರವಲ್ಲ, ಮೊಹಲ್ಲಾಕ್ಕೂ. ಆದ್ದರಿಂದ ಇಂತಹ ಹೋರಾಟಗಳು ಇತರರ ಕೆಲಸವೆಂದು ನಮ್ಮ ಸಂಘಟನೆಗಳು ದೂರ ನಿಲ್ಲುವುದು ನಮಗೆ ಒಪ್ಪಿಗೆಯಿಲ್ಲ. ವಾಯು ಮಾಲಿನ್ಯ ತಗ್ಗಿಸಲು 2019ರಲ್ಲಿ ಕೇಂದ್ರ ಆರಂಭಿಸಿದ ಕಾರ್ಯಕ್ರಮಕ್ಕೆ ರಾಜ್ಯದಿಂದ ಆಯ್ಕೆಯಾದದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಮಾತ್ರ. ಗದಗದಂತಹ ಊರುಗಳ ಧೂಳು ಯಾರ ಪಟ್ಟಿಯಲ್ಲೂ ಇಲ್ಲ.

ಪಟ್ಟಿಗಳ ಈ ರಾಜಕೀಯಕ್ಕೆ ಇನ್ನೂ ಒಳ್ಳೆಯ ಉದಾಹರಣೆಯಿದೆ. 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಎಲ್ಲಾ ಜಿಲ್ಲೆಗಳ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಗಳ ಸರಕಾರಿ ಕಚೇರಿಗಳನ್ನು ಬಿಸಿಲಿನ ಕಾರಣ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸಲು ಸರಕಾರ ಆದೇಶಿಸಿತು. ಸ್ವಾಗತಾರ್ಹ ಕ್ರಮ. ಆದರೆ ಒಂದು ಕಡೆ ಕೊಪ್ಪಳ, ಇನ್ನೊಂದು ಕಡೆ ಬಾಗಲಕೋಟೆಯ ಗಡಿಗೆ ತಾಗಿಕೊಂಡಿರುವ ಗದಗ ಜಿಲ್ಲೆ ಆ ಆದೇಶದಲ್ಲಿರಲಿಲ್ಲ. ಬಿಸಿಲು ಗಡಿಕಲ್ಲು ನೋಡಿ ನಿಲ್ಲುತ್ತದೆಯೇ? ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಛಾವಣಿಯ ಕೆಳಗೆ ಫ್ಯಾನಿನಡಿ ಕುಳಿತ ಗುಮಾಸ್ತನಿಗೆ ಸಿಕ್ಕ ಈ ರಿಯಾಯಿತಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲನಿಗೆ ಏಕಿಲ್ಲ? ಎರಡು ಸ್ಟೆಂಟ್ ಹಾಕಿಸಿಕೊಂಡು ಮನೆ ನಡೆಸಲು ಮತ್ತೆ ಗಾರೆ ಕೆಲಸಕ್ಕೆ ಹೋಗುವವನಿಗೆ ಏಕಿಲ್ಲ? ಮಧ್ಯಾಹ್ನ 12ರಿಂದ 4ರವರೆಗೆ ಹೊರಾಂಗಣ ದುಡಿಮೆಗೆ ಬಿಡುವು, ಮಾರುಕಟ್ಟೆಯಲ್ಲೂ ಕಟ್ಟಡದ ಕೆಲಸ ನಡೆಯುವಲ್ಲೂ ನೆರಳು ಮತ್ತು ಕುಡಿಯುವ ನೀರು, ಬೇಸಿಗೆಯ ಎರಡು ತಿಂಗಳಾದರೂ ಓಣಿಗಳಿಗೆ ನಿಗದಿತ ದಿನಕ್ಕೆ ನಲ್ಲಿ ನೀರು: ಮುಂದಿನ ಬೇಸಿಗೆಗೆ ಮುನ್ನ ಗದಗದ ಜಿಲ್ಲಾಧಿಕಾರಿಗಳಿಗೂ ಕಾರ್ಮಿಕ ಇಲಾಖೆಗೂ ಕೊಡಬೇಕಾದ ಮನವಿಯಲ್ಲಿ ಈ ಮೂರು ಸಾಲುಗಳಿದ್ದರೆ ಸಾಕು. ಅದಕ್ಕೆ ಹಮಾಲರ ಸಂಘವೂ ನೇಕಾರರ ಸಂಘವೂ ಜಮಾಅತ್‌ಗಳೂ ಒಟ್ಟಿಗೆ ಸಹಿ ಮಾಡಬೇಕು. ಮನವಿಯೊಂದಿಗೆ ಕಳೆದ ಏಪ್ರಿಲ್-ಮೇ ತಿಂಗಳುಗಳಲ್ಲಿ ತಮ್ಮ ಖಬರ್‌ಸ್ತಾನದಲ್ಲಿ ಎಷ್ಟು ದಫನ್‌ಗಳಾದವು, ಉಳಿದ ತಿಂಗಳುಗಳಲ್ಲಿ ಎಷ್ಟು ಎಂಬ ಲೆಕ್ಕವನ್ನೂ ಲಗತ್ತಿಸಬೇಕು. ಆ ಪುಸ್ತಕ ಪ್ರತಿಯೊಂದು ಜಮಾಅತ್‌ನ ಕಪಾಟಿನಲ್ಲೂ ಇರುತ್ತದೆ.